ಒಳಗೆ ಯಾರು ಹೋಗಬೇಕು?

ಕಾಕ್‌ಪಿಟ್ಟಿನಿಂದ ಗಂಟೆ ಕೇಳಿಸಿತು. ಕೋ-ಪೈಲಟ್ಟಿಗೆ ಶೌಚಾಲಯಕ್ಕೆ ಹೋಗಬೇಕಿತ್ತು. ಹಾರುವ ವಿಮಾನದಲ್ಲಿ ಪೈಲಟ್ ಒಬ್ಬನೇ ಒಳಗೆ ಇರುವ ಹಾಗಿಲ್ಲ. ಒಬ್ಬ ಹೊರಗೆ ಬಂದರೆ, ಅವನು ವಾಪಸು ಹೋಗುವ ತನಕ ಗಗನಸಖಿಯೊಬ್ಬಳು ಒಳಗೆ ನಿಂತಿರಬೇಕು. ಕಂಪನಿಯ ನಿಯಮ ಅದು. ಗುಬ್ಬಿ ಕೈ ಒರೆಸಿಕೊಂಡು ಹೊರಟೇಬಿಟ್ಟಳು. ಹೊಸದಾಗಿ ಸೇರಿದ ಹುಡುಗಿ, ಆಳೇ ಗಿಡ್ಡ, ತುದಿಗಾಲಲ್ಲಿ ನಿಲ್ಲದೆ ಮೇಲಿನ ಲಗೇಜಿನ ಗೂಡು ಮುಚ್ಚಲಾರಳು. ಅದಕ್ಕೇ ಆ ಹೆಸರು. ಎಲ್ಲರೂ ದೊಡ್ಡಕ್ಕ ಎನ್ನುವ ಹಿರಿಯ ಗಗನಸಖಿ ಅವಳ ಮುಂಗೈ ಹಿಡಿದು ನಿಲ್ಲಿಸಿದಳು.

“ನೀನು ಬೇಡ. ನಾನು ಹೋಗ್ತೀನಿ.”

“ಮಂಡಿ ನೋವು ಅಂತಿದ್ರಲ್ಲಕ್ಕಾ, ಕೂತ್ಕೊಳ್ಳಿ. ಸುಮ್ನೆ ನಿಂತು ಬರೋದು ತಾನೇ?”

“ಹೇಳಿದಷ್ಟು ಕೇಳು.”

ಮಂಡಿ ನೋವೇನೋ ನಿಜ. ಸೀಟುಗಳ ನಡುವಿನ ಇಕ್ಕಟ್ಟಿನ ಓಣಿಯಲ್ಲಿ ಊಟದ ಗಾಡಿ ತಳ್ಳಿ ತಳ್ಳಿಯೇ ದೊಡ್ಡಕ್ಕನ ವಯಸ್ಸು ಕಳೆದಿತ್ತು. ಮುಂದಿನ ತಿಂಗಳಿಂದ ತರಬೇತಿ ಶಾಲೆಯಲ್ಲಿ ಕೂತು ಮಾಡುವ ಕೆಲಸ ಸಿಗುವುದರಲ್ಲಿತ್ತು. ಅದು ಎಲ್ಲರಿಗೂ ಗೊತ್ತಿದ್ದ ಸುದ್ದಿ. ಗೊತ್ತಿಲ್ಲದ್ದು ಏನೆಂದರೆ, ಆ ಕುರ್ಚಿ ಈ ಕ್ಯಾಪ್ಟನ್ನಿನ ಒಂದು ಮಾತಿನ ಮೇಲೆ ನಿಂತಿತ್ತು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಿರುಗಿ ನೋಡಿದ ಕ್ಯಾಪ್ಟನ್ನಿನ ಮುಖ ಸಪ್ಪಗಾಯಿತು.

“ಓ, ನೀವಾ ಮೇಡಂ! ಆ ಹುಡುಗಿ ಬರ್ತಾಳೆ ಅನ್ಕೊಂಡೆ.”

“ಅವಳಿಗೆ ಕೈತುಂಬಾ ಕೆಲಸ ಸಾರ್.”

“ಮೊನ್ನೆ ನೀವು ಆಡಿದ ಮಾತು ನಾನು ಮರೆಯಲ್ಲ. ಆ ಕುರ್ಚಿ ನಿಮ್ಮದೇ ಅಂತ ತಿಳ್ಕೊಳ್ಳಿ.” ಮತ್ತೆ ಮುಂದಕ್ಕೆ ತಿರುಗಿಕೊಂಡು ಹೇಳಿದ, “ಹಾಂ, ಒಂದು ಕಾಫಿ ಬೇಕಿತ್ತು. ಅವಳ ಕೈಲೇ ಕಳಿಸಿ. ಹೊಸಬಳು, ಪಾಪ. ನಾಲ್ಕು ಮಾತು ಹೇಳಿಕೊಡೋಣ.”

ದೊಡ್ಡಕ್ಕನಿಗೆ ಹಿಂದಿನದು ನೆನಪಾಯಿತು. ‘ಹೊಸಬಳು, ಪಾಪ’ ಎನ್ನುತ್ತಲೇ ಅಲ್ಲವೇ ಇವನು ಗುಬ್ಬಿಯ ಜೊತೆಗಾತಿ, ಗುಂಗುರು ಕೂದಲಿಗೇ ‘ಗುಂಗುರು’ ಎಂದು ಹೆಸರಾದ ಹುಡುಗಿಯನ್ನು ಹೋಟೆಲಿನ ಕೋಣೆಗೆ ಕರೆಸಿಕೊಂಡದ್ದು? ಮರುದಿನದ ಹಾರಾಟದ ವಿಷಯ ಮಾತಾಡಬೇಕೆಂದು ಕರೆಸಿ, ಚಿಲಕ ಹಾಕಿ, ಹಾಡುಹಗಲೇ ಅವಳ ಮೈಮೇಲೆ ಬಿದ್ದಿದ್ದ. ತಪ್ಪಿಸಿಕೊಂಡವಳು ಒಂದೇ ಕಾಲಲ್ಲಿ ಶೂ ಹಾಕಿಕೊಂಡು ಓಡಿಬಂದು ಬಡಿದದ್ದು ದೊಡ್ಡಕ್ಕನ ಬಾಗಿಲನ್ನು. ಅವಳ ಅಂಗಿಯ ಹರಿದ ತೋಳಿಗೆ ಪಿನ್ನು ಹಾಕಿದ್ದು ದೊಡ್ಡಕ್ಕ. “ನೀವು ನೋಡಿದ್ರಲ್ಲ ಅಕ್ಕಾ, ನನಗಷ್ಟು ಸಾಕು” ಎಂದು ಅವಳು ದೂರು ಕೊಟ್ಟಳು. ಮೊನ್ನೆ ವಿಚಾರಣಾ ಸಮಿತಿಯವರು ಕರೆಸಿ ಕೇಳಿದಾಗ ದೊಡ್ಡಕ್ಕ ಹೇಳಿದ್ದಾದರೂ ಏನು? “ನಾನೇನೂ ನೋಡಿಲ್ಲ. ಕ್ಯಾಪ್ಟನ್ ಸಾರ್ ದೇವರಂಥ ಮನುಷ್ಯ.” ಹಸಿ ಸುಳ್ಳು! ಎದುರಿಗೇ ಕೂತಿದ್ದ ಹುಡುಗಿ ಅಳಲೂ ಇಲ್ಲ, ಸುಮ್ಮನೆ ನೋಡಿದಳು.

ಕೋ-ಪೈಲಟ್ ಬಂದ ಮೇಲೆ ದೊಡ್ಡಕ್ಕ ಹೊರಗೆ ಬಂದು ಕಾಫಿ ಬಗ್ಗಿಸಿದಳು. ಗುಬ್ಬಿ ಅವಳ ಕೈಯನ್ನೇ ನೋಡುತ್ತಿದ್ದಳು.

“ಒಂದು ಮಾತು ಕೇಳ್ಲಾ ಅಕ್ಕಾ? ಹೋದ ವಾರ ಬೇರೆ ಕ್ಯಾಪ್ಟನ್ ಇದ್ದಾಗ ಪ್ರತಿ ಸಲ ಒಳಗೆ ನನ್ನನ್ನೇ ಕಳಿಸಿದ್ರಿ. ಇವರು ಬಂದ್ರೆ ಮಾತ್ರ ಯಾಕೆ ನೀವೇ ಓಡ್ತೀರಿ?”

“ಅಧಿಕಪ್ರಸಂಗ ಬೇಡ. ಲೋಟ ಜೋಡಿಸು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಷ್ಟು ಗಡುಸಾಗಿ ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನ್ನಿಸಿತು. ಗುಬ್ಬಿ ಲೋಟ ಮುಟ್ಟಲಿಲ್ಲ. ಮುಖ ಬಿಳಿಚಿಕೊಂಡಿತ್ತು.

“ಗುಂಗುರು ಬೆಳಿಗ್ಗೆ ರೂಮು ಖಾಲಿ ಮಾಡಿದ್ಲು. ದೂರು ಸುಳ್ಳು, ಯೂನಿಫಾರ್ಮ್ ವಾಪಸ್ ಕೊಡು ಅಂದ್ರಂತೆ. ಒಂದೇ ರೂಮಲ್ಲಿದ್ವಿ, ಒಂದೇ ತಟ್ಟೇಲಿ ತಿಂದಿದ್ವಿ. ಅವಳ ಪೆಟ್ಟಿಗೆ ಕೆಳಗಿಳಿಸೋಕೂ ನಾನು ಕೈ ಕೊಡ್ಲಿಲ್ಲ. ‘ದೇವರಂಥ ಕ್ಯಾಪ್ಟನ್ ಮೇಲೆ ಗೂಬೆ ಕೂರಿಸ್ತೀಯಲ್ಲ, ನಾಚಿಕೆ ಆಗಲ್ವಾ’ ಅಂತ ಮುಖಕ್ಕೇ ಅಂದೆ.” ಅವಳು ತಲೆಯೆತ್ತಿ ದೊಡ್ಡಕ್ಕನನ್ನು ನೋಡಿದಳು. “ಸಮಿತಿ ಮುಂದೆ ದೊಡ್ಡಕ್ಕ ಸುಳ್ಳು ಹೇಳ್ತಾರಾ, ಅಂದೆ.”

ಪ್ರಯಾಣಿಕರ ಕಡೆಯ ಪರದೆಯನ್ನು ದೊಡ್ಡಕ್ಕ ಸರಕ್ಕನೆ ಎಳೆದಳು. ಯಾರಾದರೂ ಕೇಳಿಸಿಕೊಂಡರೆ ಎಂಬ ಭಯ ಈಗಲೂ ಮೊದಲು ಬಂತು. ಆಮೇಲೆ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು.

“ಆದದ್ದು ಆಗಿಹೋಯ್ತು ಕಣೇ. ನಿನಗೆ ಹಾಗಾಗೋಕೆ ನಾನು ಬಿಡಲ್ಲ. ಈ ವಿಮಾನದಲ್ಲಿ ನಾನು ಇರೋವರೆಗೂ ನೀನು ಒಬ್ಬಳೇ ಆ ಬಾಗಿಲ ಒಳಗೆ ಹೋಗಬೇಡ, ತಿಳೀತಾ?”

“ಮುಂದಿನ ತಿಂಗಳು ನೀವು ಕುರ್ಚಿ ಮೇಲೆ ಕೂತ್ಕೊತೀರಲ್ಲ, ಆಮೇಲೆ?”

ದೊಡ್ಡಕ್ಕ ಹುಡುಗಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಒಳಗಿನಿಂದ ಮತ್ತೆ ಗಂಟೆ ಕೇಳಿಸಿತು.

ಗುಬ್ಬಿ ಕೈ ಬಿಡಿಸಿಕೊಂಡು, ಕಾಫಿಯ ತಟ್ಟೆ ಎತ್ತಿ ದೊಡ್ಡಕ್ಕನ ಮುಂದೆ ಹಿಡಿದಳು.

“ತಗೊಳ್ಳಿ, ನಿಮ್ಮ ದೇವರು ಕರೀತಿದ್ದಾನೆ.”