ಡಬ್ಬಿಯ ಮೇಲಿನ ಚೀಟಿ

"ಕಣ್ಣು ಕಾಣಲ್ವೇನಮ್ಮ ನಿಂಗೆ? ಪುಟ್ಟಿಗೆ ಕಡಲೇಕಾಯಿ ಆಗಲ್ಲ ಅಂತ ಎಷ್ಟು ಸಲ ಬಡ್ಕೊಂಡಿದೀನಿ!" ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡ ಹೆತ್ತ ತಾಯಿಯ ಮೇಲೆ ಕೂಗಾಡುತ್ತಿದ್ದ; ಹೆಂಡತಿ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಮುಚ್ಚಿದ ಬಾಗಿಲಿನಾಚೆ ಅವರ ಮಗಳು ಪುಟ್ಟಿಗೆ ಆಕ್ಸಿಜನ್ ಹಾಕಿದ್ದರು.

ಮನೆಯಿಂದ ಎದೆಗವಚಿಕೊಂಡು ತಂದಿದ್ದ ಬಿಸ್ಕತ್ತಿನ ಡಬ್ಬಿಯನ್ನು ಅತ್ತೆ ಸೊಸೆಯ ಮಡಿಲಲ್ಲಿಟ್ಟರು. "ನೀನು ಅಂಟಿಸಿದ ಚೀಟಿ ಓದಿಯೇ ಕೊಟ್ಟೆ ಕಣಮ್ಮ." ಡಬ್ಬಿಯ ಮೇಲೆ ಸೊಸೆಯದೇ ದುಂಡನೆಯ ಅಕ್ಷರ: 'ಪುಟ್ಟಿಗೆ ಕೊಡಬಹುದು.'

ಬೆಳಿಗ್ಗೆ ಆ ಡಬ್ಬಿ ತುಂಬಿಸಿದ್ದು ಸೊಸೆಯೇ. ಕೆಲಸಕ್ಕೆ ಹೊತ್ತಾಗಿತ್ತು, ಪ್ಯಾಕೆಟ್ಟಿನ ಬಣ್ಣ ಎಂದಿನ ಹಳದಿಯೇ ಇತ್ತು. ಹಿಂಬದಿಯ ಸಣ್ಣ ಅಕ್ಷರ ಓದದೆ ಸುರಿದು, ಖಾಲಿ ಪ್ಯಾಕೆಟ್ಟನ್ನು ಕಸಕ್ಕೆ ಎಸೆದಿದ್ದಳು. ಅದರ ಮೂಲೆಯಲ್ಲಿದ್ದ 'ಹೊಸ ರುಚಿ' ಈಗ ಕಣ್ಣಿಗೆ ಕಟ್ಟಿತು. ಹೇಳಿಬಿಡಲು ಬಾಯಿ ತೆರೆದವಳು ಡಬ್ಬಿಯ ಮೇಲೆ ಸೆರಗು ಎಳೆದುಕೊಂಡಳು.

"ಯಾವ ಚೀಟಿಯಮ್ಮ? ಎಲ್ಲಿದೆ?" ಗಂಡ ಡಬ್ಬಿ ಕಿತ್ತುಕೊಂಡ. ಅಷ್ಟರಲ್ಲಿ ಅವಳು ಸೆರಗಿನ ಮರೆಯಲ್ಲಿ ಚೀಟಿಯನ್ನು ಉಗುರಿನಿಂದ ಕೆರೆದು ಎಬ್ಬಿಸಿ ಮುಷ್ಟಿಯೊಳಗೆ ಮುದುಡಿದ್ದಳು. ಅವನ ಕೈಯಲ್ಲಿದ್ದದ್ದು ಬರೀ ಡಬ್ಬಿ.

"ನಂದೇ ತಪ್ಪು ಕಣಪ್ಪ," ಎಂದರು ಅತ್ತೆ. "ಕನ್ನಡಕ ಹಾಕ್ಕೊಂಡಿರಲಿಲ್ಲ." ಕನ್ನಡಕದ ಹಿಂದಿನ ಅವರ ಕಣ್ಣುಗಳು ಸೊಸೆಯ ಮುಷ್ಟಿ ಬಿಟ್ಟು ಕದಲಲಿಲ್ಲ.