ಹರಿದದ್ದೇ ಕೊಡ್ರಿ

ಮೂರು ಹಳ್ಳ ದಾಟಿದರೆ ಒಂದು ಊರು. ಆ ಊರಲ್ಲಿ ಒಬ್ಬ ಮುದುಕಿ. ಮುದುಕಿಯ ಕೈಯಲ್ಲಿ ಸೂಜಿ, ಸೂಜಿಯಲ್ಲಿ ಮುಗಿಯದ ದಾರ. ಮನೆಮನೆಯ ಹೊಸ್ತಿಲಲ್ಲಿ ನಿಂತು ಅವಳು ಅನ್ನ ಬೇಡಲಿಲ್ಲ, ಚಿನ್ನ ಬೇಡಲಿಲ್ಲ. ಹರಿದ ಬಟ್ಟೆ ಬೇಡಿದಳು.

ಅಜ್ಜಿಯರ ಬಾಯಲ್ಲಾದರೆ ಈ ಮುದುಕಿ ಕೊನೆಗೆ ಸತ್ತ ರಾಜಕುಮಾರಿಯನ್ನು ಎಬ್ಬಿಸಬೇಕು. ಆದರೆ ಈ ಊರು ಕಾಸಾರಶಿರಸಿಯಿಂದ ಎಂಟೇ ಕಿಲೋಮೀಟರು. ಬಸ್ಸು ದಿನಕ್ಕೆರಡು ಸಲ. ಮುದುಕಿಯ ಹೆಸರು ಪ್ರಯಾಗಬಾಯಿ. ಅವಳ ಮೊಮ್ಮಗಳು ಮೀನಲ ಹೊಲದ ಬಾವಿಯಲ್ಲಿ ಸತ್ತು ಸೋಮವಾರಕ್ಕೆ ವರ್ಷ.

ಊರಿನ ಎಲ್ಲ ಮನೆಗಳ ಬಟ್ಟೆ ಕೂಡಿಸಿ ಮದುವೆಗೆ ಕೌದಿ ಹೊಲಿದುಕೊಡುತ್ತೇನೆಂದು ಪ್ರಯಾಗಬಾಯಿ ಅವಳಿಗೆ ಮಾತು ಕೊಟ್ಟಿದ್ದಳು. ಊರನ್ನೇ ಹೊದ್ದು ಮಲಗಿದವಳಿಗೆ ಯಾರ ಕಣ್ಣೂ ತಾಗುವುದಿಲ್ಲವಂತೆ. ಮದುವೆ ಉಳಿಯಲಿಲ್ಲ, ಮಾತು ಉಳಿಯಿತು. ಪುಣ್ಯತಿಥಿಯೊಳಗೆ ಕೌದಿ ಮುಗಿಯಬೇಕು. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡೇ ಊರು ಬಟ್ಟೆ ಕೊಟ್ಟಿತು. ಯಾರೋ ಮರುಕದಿಂದ ಹೊಸ ಟವೆಲು ಕೊಟ್ಟರೆ ಅವಳು ತಿರುಗಿಸಿ ಕೊಟ್ಟಳು. “ಹರಿದದ್ದೇ ಕೊಡ್ರಿ.”

ಶನಿವಾರ ಮಧ್ಯಾಹ್ನ ಬೇವಿನ ಕಟ್ಟೆಯ ಮೇಲೆ ಕೌದಿ ಹರಡಿತ್ತು. ನೆರೆಮನೆಯ ಕುಸುಮಬಾಯಿ ಮೊಬೈಲಿನಲ್ಲಿ ಸುದ್ದಿ ಓದುತ್ತಿದ್ದಳು. ಎದುರುಮನೆಯ ಬಂಡಮ್ಮ ತೊಗರಿಬೇಳೆ ಆರಿಸುತ್ತಿದ್ದಳು.

“ಯೆಣೆಗೂರ ಢಾಬಾದ ಮುಂದ ಟ್ರಕ್ ಉರುಳ್ಯಾದ. ರಸ್ತಾ ತುಂಬ ಟಮಾಟಿ.”

“ಡ್ರೈವರ್ ಏನಾದ?”

“ಅದು ಹಾಕಿಲ್ಲ. ಟಮಾಟಿ ಫೋಟೋ ಹಾಕ್ಯಾರ.” ಕುಸುಮಬಾಯಿ ಬೆರಳು ಸರಿಸಿದಳು. “ಗುಂಜೋಟಿ ಕಡಿ ಒಂದ್ ಊರಾಗ ಅತ್ತಿ-ಸೊಸಿ ಎದುರಾಬದುರಾ ಇಲೆಕ್ಷನ್ ನಿಂತಾರಂತ.”

“ಒಂದೇ ಒಲಿ ಮುಂದ ಕೂತು ಪ್ರಚಾರ ಮಾಡ್ತಾರೇನು?”

ಇಬ್ಬರೂ ನಕ್ಕರು. ಪ್ರಯಾಗಬಾಯಿ ನಗಲಿಲ್ಲ.

“ನಮ್ಮೂರ ಸುದ್ದಿ ಗೊತ್ತದೇನು?” ಬಂಡಮ್ಮ ದನಿ ಇಳಿಸಿದಳು. “ಸೋಮವಾರ ಪಂಚರು ಕೂಡ್ತಾರ. ಪಂಕಜನ ತಾಯೀನ್ನ ಊರು ಬಿಡಸ್ತಾರಂತ.”

ಪಂಕಜ ಮೊಬೈಲು ರಿಪೇರಿಯ ಹುಡುಗ. ಮೀನಲ ಅವನ ಅಂಗಡಿಯ ಮುಂದೆ ನಿಂತು ನಗುವುದನ್ನು ಊರು ನೋಡಿತ್ತು. ಅವಳ ಹೆಣ ಸಿಕ್ಕ ದಿನ ತಂದೆ ನಾಗನಾಥ, ಕಾಲು ಜಾರಿ ಬಿದ್ದಳು, ಪೊಲೀಸು ಬೇಡ, ಮನೆಯ ಮಾನ ಹೋಗುತ್ತದೆ ಎಂದಿದ್ದ. ಹೊತ್ತು ಮುಳುಗುವ ಮೊದಲೇ ಮಣ್ಣು ಮಾಡಿದರು. ಕಾಲು ಜಾರಿದ್ದನ್ನು ಊರು ನಂಬಲಿಲ್ಲ. ನೂಕಿದವನು ಪಂಕಜನೇ ಎಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. ಅವನ ಕಾಲು ಮುರಿದರು. ಈಗ ಅವನು ಉದಗೀರದಲ್ಲಿ ಮಾವನ ಮನೆಯಲ್ಲಿ ಕುಂಟುತ್ತಿದ್ದಾನೆ.

“ಆ ಮನೀದೂ ಬಟ್ಟಿ ತಂದೀಯಂತಲ್ಲ ಆಯಿ? ಮನಸು ಹೆಂಗ ಬಂತು?” ಕುಸುಮಬಾಯಿ ಕೇಳಿದಳು.

“ಎಲ್ಲಾ ಮನೀದೂ ಬೇಕವ್ವ. ಆಂವನ ಮನೀದೇ ಮೊದಲ ತಂದೀನಿ.”

ಬಂಡಮ್ಮ ಗಂಡನ ಹಳೆಯ ಅಂಗಿ ಕೊಟ್ಟಳು. ಪ್ರಯಾಗಬಾಯಿ ಅದನ್ನು ಮಗುಚಿ ನೋಡಿದಳು. ತೋಳು, ಅಂಚು, ಕಿಸೆ. ಆಮೇಲೆ ಕೌದಿಯ ನಡುವಿನ ತುಂಡಿಗೆ ಒತ್ತಿ ಹಿಡಿದಳು. ಮೂರು ಬೆರಳಗಲದ ಹಸಿರು ಚೌಕಳಿ ತುಂಡು. ಕೌದಿಗೆ ಮೊದಲು ಬಿದ್ದದ್ದು ಅದೇ. ಆದರೂ ಎರಡೇ ಹೊಲಿಗೆಯ ಮೇಲೆ ನಿಂತಿತ್ತು.

“ಹೊಂದಲ್ಲ,” ಎಂದು ಅಂಗಿಯನ್ನು ಅಂಚಿಗೆ ಸರಿಸಿದಳು.

“ಕೌದಿಗೂ ಮ್ಯಾಚಿಂಗ್ ನೋಡ್ತೀಯೇನ ಆಯಿ?”

“ನಾ ನೋಡ್ತೀನಿ.”

“ಅದ್ಯಾರದು, ನಡುವಿಂದು?”

“ಮೀನಲ ಕೊಟ್ಟದ್ದು.”

ಕುಸುಮಬಾಯಿ ಮೊಬೈಲು ಕೆಳಗಿಟ್ಟಳು.

ನಾಗನಾಥನ ಮೋಟಾರ್‌ಸೈಕಲ್ಲು ಬಂದು ನಿಂತಿತು. ಬಿಳಿ ಅಂಗಿ, ಬಿಳಿ ಪೈಜಾಮ. ಮಗಳು ಹೋದ ದಿನದಿಂದ ಅವನು ಬಣ್ಣದ ಬಟ್ಟೆ ಮುಟ್ಟಿರಲಿಲ್ಲ.

“ಅವ್ವಾ, ಊರ ಚಿಂದಿ ಹೊತ್ತು ತಿರಗೂದು ಸಾಕು ಮಾಡು. ಜನ ನಗ್ತಾರ.”

“ಒಂದೇ ಮನಿ ಉಳದದ.”

“ಯಾರದು?”

“ನಮ್ಮದು.”

“ನಮ್ಮ ಮನ್ಯಾಗ ಹರಿದದ್ದು ಎಲ್ಲಿ ಅದ?” ಅವನು ಗಾಡಿ ತಿರುಗಿಸಿದ.

“ತಂದಿ ಅಂದ್ರ ಹಿಂಗಿರಬೇಕು,” ಬಂಡಮ್ಮ ನಿಟ್ಟುಸಿರು ಬಿಟ್ಟಳು. “ವರ್ಷಾತು, ಮೈಮ್ಯಾಲ ಬಿಳೀದು ಬಿಟ್ಟು ಮತ್ತೊಂದಿಲ್ಲ.”

ಭಾನುವಾರ ನಾಗನಾಥ ಪಂಚರ ಮನೆಗೆ ಹೋದಾಗ ಅವನ ಹೆಂಡತಿ ಶುಭಾಂಗಿ ಜೋಳದ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿದಳು. ಮಗಳು ಸತ್ತ ಮೇಲೆ ಅವಳು ಮಾತು ಮರೆತಂತೆ ಇದ್ದಳು. ಕಾಳಿನ ಅಡಿಯಿಂದ ಒಂದು ಗಂಟು ತೆಗೆದು ಅತ್ತೆಯ ಮಡಿಲಲ್ಲಿಟ್ಟಳು.

“ಅತ್ತಿ, ನಮ್ಮ ಮನೀದು. ಹರಿದದ್ದು.”

ಪ್ರಯಾಗಬಾಯಿ ಗಂಟು ಬಿಚ್ಚಿದಳು. ಗುಂಡಿಗಳ ಮೇಲೆ ಬೆರಳಾಡಿಸಿದಳು. ಅವನ್ನು ಹಚ್ಚಿದ್ದು ಅವಳೇ.

“ಅದಕ್ಕ ಈ ಮನಿ ಕಡೀಕ ಇಟ್ಟಿದ್ದೆ,” ಎಂದಳು. ಕೌದಿಯ ನಡುವಿನ ಎರಡು ಹೊಲಿಗೆ ಬಿಚ್ಚಿದಳು. ಸೊಸೆ ಸೂಜಿಗೆ ದಾರ ಪೋಣಿಸಿಕೊಟ್ಟಳು.

ಸೋಮವಾರ ಬೆಳಿಗ್ಗೆ ಕಟ್ಟೆ ತುಂಬಿತ್ತು. ಮೂಲೆಯಲ್ಲಿ ಪಂಕಜನ ತಾಯಿ ತಲೆ ತಗ್ಗಿಸಿ ಕುಳಿತಿದ್ದಳು. ಪಂಚರ ಪಕ್ಕದಲ್ಲಿ ಬಿಳಿ ಬಟ್ಟೆಯ ನಾಗನಾಥ. ಪ್ರಯಾಗಬಾಯಿ ಸಮಾಧಿಯ ಕಡೆ ಹೋಗಲಿಲ್ಲ. ಜನರ ನಡುವೆ ಬಂದು ಕೌದಿ ಹಾಸಿದಳು. ಸುತ್ತ ಊರಿನ ಮನೆಮನೆಯ ತುಂಡುಗಳು. ನಟ್ಟನಡುವೆ, ತೋಳು ಚಾಚಿ ಬಿದ್ದ ಇಡೀ ಅಂಗಿ. ಹಸಿರು ಚೌಕಳಿಯದು. ಎದೆಯ ಮೇಲೆ ಆ ಸಣ್ಣ ತುಂಡು ಗೆರೆಗೆ ಗೆರೆ ಕೂಡಿ ಕುಳಿತಿತ್ತು.

“ನಿನ್ನ ಅಂಗಿ, ನಾಗನಾಥ. ಕಿಸೆ ಕಿತ್ತಿತ್ತು, ಹಚ್ಚೀನಿ.”

ನಾಗನಾಥನ ಕೈ ತಾನಾಗಿ ಎದೆಗೆ ಹೋಯಿತು. ಮುದುಕಿ ಹಲ್ಲಿನಿಂದ ದಾರ ಕಡಿದಳು. ಕೌದಿ ಮುಗಿಯಿತು.

ಆ ತುಂಡನ್ನು ಅವಳು, ಒಂದು ವರ್ಷದ ಹಿಂದೆ, ಹೆಣಕ್ಕೆ ನೀರು ಹಾಕುವಾಗ ಮೀನಲಳ ಬಿಗಿದ ಮುಷ್ಟಿಯಿಂದ ಬಿಡಿಸಿಕೊಂಡಿದ್ದಳು.