ಮಡಚಿದ ತೋಳು

"ಹಿಂದೆ ಯಾವತ್ತಾದ್ರೂ ಬಸುರಾಗಿದ್ರಾ?" ಮಂಚದ ಪಕ್ಕ ನಿಂತ ರಕ್ತನಿಧಿಯವನು ಫಾರಂನಿಂದ ತಲೆ ಎತ್ತದೆ ಕೇಳಿದ.

"ಆ ಭಾಗ್ಯ ಎಲ್ಲಿ ಬರ್ಬೇಕು ಸರ್, ಮದುವೆಯಾಗಿ ಹನ್ನೊಂದು ವರ್ಷ ಆಯ್ತು," ಎಂದು ಹೆಂಡತಿಯ ಬದಲಿಗೆ ಗಂಡನೇ ಉತ್ತರಿಸಿದ. ನಾಳೆ ಅವಳ ಗರ್ಭಕೋಶ ತೆಗೆಯುವವರಿದ್ದರು. ಎಷ್ಟು ಬೇಕಾದರೂ ರಕ್ತ ತಗೊಳ್ಳಿ ಎಂದು ಅವನು ಬೆಳಿಗ್ಗೆಯೇ ಪರೀಕ್ಷೆಗೆ ಕೊಟ್ಟು ಬಂದು, ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿಕೊಂಡೇ ನಿಂತಿದ್ದ.

"ರಕ್ತ ಹಾಕಿಸ್ಕೊಂಡಿದ್ರಾ? ಅದೂ ಇಲ್ವಾ? ಹೊಟ್ಟೆಯಲ್ಲಿದ್ದ ಮಗುವಿಂದಲೋ ಬಾಟಲಿಯಿಂದಲೋ ಬೇರೆಯವರ ರಕ್ತಕಣ ಒಳಗೆ ಬರದೆ ನಿಮ್ಮ ರಕ್ತ ಹೀಗೆ ತಿರುಗಿಬೀಳಲ್ಲಮ್ಮ. ಆರು ಬಾಟಲಿ ನೋಡಿದೆ, ಒಂದೂ ಹೊಂದಲಿಲ್ಲ. ಸುಳ್ಳು ಹೇಳಿದ್ರೆ ನಿಮ್ಮ ಜೀವಕ್ಕೇ ಕುತ್ತು."

ಅವಳು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಒಂದು ಸಲ. ಮದುವೆಗೆ ಮುಂಚೆ. ಐದು ತಿಂಗಳಾಗಿತ್ತು, ತೆಗೆಸಿದ್ರು."

ರಕ್ತನಿಧಿಯವನು ಅದನ್ನು ಬರೆದುಕೊಂಡ. "ಪುಣ್ಯಕ್ಕೆ ನಿಮ್ಮ ಯಜಮಾನ್ರದ್ದು ಹೊಂದಿದೆ. ಬನ್ನಿ ಸರ್."

ಗಂಡ ತೋಳಿನ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗಿಳಿಸಿದ. ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡ.

"ನನಗೆ ಸೂಜಿ ಕಂಡ್ರೆ ಆಗಲ್ಲ ಸರ್," ಎಂದ.